ಎಂಟರ್ ಒತ್ತಿದ ಮೇಲೆ

ನಮ್ಮ ಹಿರೇನಲ್ಲೂರಿನ ಕಡೆ ತೆಂಗಿನಕಾಯಿ ಕಿತ್ತ ತಕ್ಷಣ ದುಡ್ಡಾಗುವುದಿಲ್ಲ. ಅಟ್ಟಕ್ಕೆ ಏರಿಸಿದ ಕಾಯಿ ಹತ್ತು ಹನ್ನೊಂದು ತಿಂಗಳು ಅಲ್ಲೇ ಇದ್ದು, ಒಳಗಿನ ನೀರು ಪೂರ್ತಿ ಇಂಗಿ, ಅಲ್ಲಾಡಿಸಿದರೆ ಗುಡುಗುಡು ಎನ್ನುವ ಹೊತ್ತಿಗೆ ಉಂಡೆ ಕೊಬ್ಬರಿಯಾಗುತ್ತದೆ. ಸುಲಿದು, ಚಿಪ್ಪು ಒಡೆದು, ಚೀಲ ತುಂಬಿಕೊಂಡು ಅರಸೀಕೆರೆಗೋ ತಿಪಟೂರಿಗೋ ಹೋದ ಮೇಲೆ ಕ್ವಿಂಟಾಲಿನ ಲೆಕ್ಕ. ಎಷ್ಟು ಚೀಲ, ಎಷ್ಟು ತೂಕ, ಅವತ್ತಿನ ದರ ಎಷ್ಟು, ಹಮಾಲಿಗೆ ಎಷ್ಟು ಹೋಯಿತು, ಎಲ್ಲವೂ ಮನೆಯ ಹಿರಿಯರ ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಇರುತ್ತಿತ್ತು. 2004ರ ಸುಮಾರಿಗೆ ನಮ್ಮ ಬೀದಿಯ ಹುಡುಗಿಯೊಬ್ಬಳು ಅವಳ ತಾತನ ಅಂಥದೊಂದು ಪುಸ್ತಕವನ್ನು ಸಿ ಭಾಷೆಯ ಪ್ರೋಗ್ರಾಂ ಆಗಿ ಮಾಡಲು ಹೊರಟಳು. ಕೀಬೋರ್ಡಿನಿಂದ ಓದುವುದು ಎಂಬ ಸಣ್ಣ ಕೆಲಸದ ಬಗ್ಗೆ ನಾನು ಇಷ್ಟು ವರ್ಷ ತಲೆ ಕೆಡಿಸಿಕೊಂಡಿರುವುದಕ್ಕೆ ಆ ಪ್ರೋಗ್ರಾಂ ಕಾರಣ.

ಅವಳು ಬಿ.ಸಿ.ಎ. ಓದುತ್ತಿದ್ದಳು. ಹತ್ತನೇ ತರಗತಿವರೆಗೆ ನನ್ನ ಹಾಗೆಯೇ ಕನ್ನಡ ಮಾಧ್ಯಮ. ನಾನು ಆಗ ಬೇರೆ ಊರಿನ ಕಾಲೇಜೊಂದರಲ್ಲಿ ಸಿ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಶನಿವಾರ ಬೀರೂರಿನಲ್ಲಿ ರೈಲಿಳಿದು ಊರಿಗೆ ಬರುವುದು, ಭಾನುವಾರ ಬೆಳಿಗ್ಗೆ ಜಗಲಿಯ ಮೇಲೆ ಊರಿನ ಒಂದಿಬ್ಬರು ಹುಡುಗರು ಲ್ಯಾಬ್ ರೆಕಾರ್ಡ್ ಹಿಡಿದುಕೊಂಡು ಕೂತಿರುವುದು ರೂಢಿಯಾಗಿತ್ತು. ಅವಳ ಮನೆಯಲ್ಲಿ ಹಳೆಯದೊಂದು ಕಂಪ್ಯೂಟರ್ ಇತ್ತು. ಅದರಲ್ಲಿ ಟರ್ಬೋ ಸಿ. ಆ ಕಾಲದಲ್ಲಿ ನಮ್ಮ ಕಡೆ ಸಿ ಕಲಿತವರಿಗೆಲ್ಲ ಆ ನೀಲಿ ಪರದೆ ಗೊತ್ತು. ಕಂಟ್ರೋಲ್ ಎಫ್9 ಒತ್ತಿದರೆ ಓಡುತ್ತದೆ, ಆಲ್ಟ್ ಎಫ್5 ಒತ್ತಿದರೆ ಉತ್ತರ ಕಾಣುತ್ತದೆ.

ಪ್ರೋಗ್ರಾಂ ಕ್ರಮಸಂಖ್ಯೆ ಕೇಳುತ್ತಿತ್ತು, ಹೆಸರು ಕೇಳುತ್ತಿತ್ತು, ಚೀಲ, ತೂಕ, ದರ ಕೇಳುತ್ತಿತ್ತು. ಕೊನೆಗೆ, ಇನ್ನೊಂದು ಲೆಕ್ಕ ಸೇರಿಸಬೇಕೇ, ವೈ ಅಥವಾ ಎನ್ ಒತ್ತಿ ಎನ್ನುತ್ತಿತ್ತು. ಎನ್ ಒತ್ತುವವರೆಗೆ ಮುಂದುವರಿಯಬೇಕು ಎಂಬುದು ಅವಳ ಲೆಕ್ಕಾಚಾರ.

“ಅಣ್ಣ, ಕೇಳುತ್ತೆ, ಆದ್ರೆ ಉತ್ತರ ಹೇಳೋಕೆ ಬಿಡಲ್ಲ. ತಾನೇ ಮುಂದಿನ ಲೆಕ್ಕ ಶುರು ಮಾಡ್ಬಿಡುತ್ತೆ,” ಅಂದಳು. ಜೊತೆಗೆ ಇನ್ನೊಂದು ಮಾತೂ ಸೇರಿಸಿದಳು: “ನಾನು ಎಂಟರ್ ಜೋರಾಗಿ ಒತ್ತಿ ಎರಡು ಸಲ ಬೀಳುತ್ತೇನೋ.”

ಈ ಎರಡನೆಯ ಮಾತೇ ನನ್ನನ್ನು ಹೆಚ್ಚು ಕಾಡಿದ್ದು. ಲ್ಯಾಬಿನಲ್ಲೂ ಇದನ್ನೇ ಕೇಳುತ್ತಿದ್ದೆ. ಓದುವುದರಲ್ಲಿ ತೊಂದರೆಯಾದಾಗ ಮಕ್ಕಳು ಮೊದಲು ಅನುಮಾನಪಡುವುದು ತಮ್ಮ ಬೆರಳನ್ನು. ಕೀಬೋರ್ಡ್ ಮನೆಯಲ್ಲಿ ಇಲ್ಲದ, ಟೈಪಿಂಗ್ ರೂಢಿಯಿಲ್ಲದ ಹಳ್ಳಿಯ ಮಕ್ಕಳಲ್ಲಿ ಈ ಅನುಮಾನ ಇನ್ನೂ ಜಾಸ್ತಿ. ಅವರ ಬೆರಳಲ್ಲಿ ಏನೂ ದೋಷವಿಲ್ಲ. ಒತ್ತಿದ ಅಕ್ಷರ ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಅವರಿಗೆ ಹೇಳಿಲ್ಲ, ಅಷ್ಟೆ.

ಅವತ್ತು ಜಗಲಿಯ ಮೇಲೆ ಹಾಳೆ ಇಟ್ಟುಕೊಂಡು ಅದನ್ನು ಹೇಳಿದೆ. ಸಿ ಹುಟ್ಟಿದ್ದು 1970ರ ದಶಕದ ಮೊದಲಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ, ಡೆನ್ನಿಸ್ ರಿಚಿ ಅವರ ಕೈಯಲ್ಲಿ. ಆಗ ಯುನಿಕ್ಸ್ ಕಂಪ್ಯೂಟರಿನ ಮುಂದೆ ಕೂತವರ ಎದುರು ಪರದೆಯ ಬದಲು ಕಾಗದದ ಮೇಲೆ ಹೊಡೆಯುವ ಟೆಲಿಟೈಪ್ ಯಂತ್ರ ಇರುತ್ತಿತ್ತು. ಕಾಗದದ ಮೇಲೆ ಬಿದ್ದ ಅಕ್ಷರವನ್ನು ಅಳಿಸಲಾಗದು. ಆದ್ದರಿಂದ ಒಂದು ಅಕ್ಷರ ತಪ್ಪಿದರೆ ಹ್ಯಾಶ್ ಗುರುತು ಒತ್ತಬೇಕಿತ್ತು, ಸಾಲೇ ಬೇಡ ಅನ್ನಿಸಿದರೆ ಅಟ್ ಗುರುತು. ಈ ತಿದ್ದುಪಡಿಗೆಲ್ಲ ಅವಕಾಶ ಸಿಗಲೆಂದು ಒತ್ತಿದ ಅಕ್ಷರಗಳನ್ನು ಸಿಸ್ಟಮ್ ತನ್ನ ಹತ್ತಿರವೇ ಹಿಡಿದಿಟ್ಟುಕೊಂಡು, ಎಂಟರ್ ಬಿದ್ದ ಮೇಲೆ ಇಡೀ ಸಾಲನ್ನು ಪ್ರೋಗ್ರಾಮಿಗೆ ಕೊಡುತ್ತಿತ್ತು. ಟೆಲಿಟೈಪ್ ಹೋಯಿತು, ಈ ಪದ್ಧತಿ ಉಳಿಯಿತು. ಇವತ್ತಿಗೂ ಸಿ-ಯಲ್ಲಿ ಕೀಬೋರ್ಡಿನಿಂದ ಓದುವ ಫಂಕ್ಷನ್ನಾದ ಸ್ಕ್ಯಾನ್‌ಎಫ್ ಕಾಯುವುದು ಸಾಲಿಗೆ. ಆ ಸಾಲಿನ ಕೊನೆಯಲ್ಲಿ ಎಂಟರ್ ಕೂಡ ಒಂದು ಅಕ್ಷರವಾಗಿ ಒಳಗೆ ಬಂದಿರುತ್ತದೆ.

ಪೂರ್ಣಾಂಕ ಓದಲು ಪರ್ಸೆಂಟ್ ಡಿ ಹಾಕಿದ ಸ್ಕ್ಯಾನ್‌ಎಫ್ ಅಂಕಿಗಳನ್ನಷ್ಟೇ ತೆಗೆದುಕೊಂಡು ಅಲ್ಲಿಗೆ ನಿಲ್ಲುತ್ತದೆ. ಎಂಟರ್ ಅಲ್ಲೇ ಉಳಿಯುತ್ತದೆ. ಮುಂದೆ ಮತ್ತೊಂದು ಸಂಖ್ಯೆ ಕೇಳಿದರೆ ತೊಂದರೆಯಿಲ್ಲ. ಪರ್ಸೆಂಟ್ ಡಿ, ದಶಮಾಂಶದ ಪರ್ಸೆಂಟ್ ಎಫ್, ಪದದ ಪರ್ಸೆಂಟ್ ಎಸ್ ಮೂರೂ ಮೊದಲಿಗೆ ಸಿಗುವ ಖಾಲಿ ಜಾಗ, ಟ್ಯಾಬ್, ಎಂಟರ್‌ಗಳನ್ನು ದಾಟಿಕೊಂಡು ಹೋಗುತ್ತವೆ. ವೈ ಅಥವಾ ಎನ್ ಓದಲು ಅವಳು ಹಾಕಿದ್ದ ಪರ್ಸೆಂಟ್ ಸಿ ಹಾಗಲ್ಲ. ಅದಕ್ಕೆ ಬೇಕಾದ್ದು ಒಂದು ಅಕ್ಷರ, ಯಾವುದಾದರೂ ಸರಿ. ನ್ಯಾಯಬೆಲೆ ಅಂಗಡಿಯ ಕ್ಯೂನಲ್ಲಿ ಮೊದಲು ನಿಂತವರಿಗೆ ಮೊದಲು ಅಳೆದುಕೊಡುವ ಹಾಗೆ, ಅದು ಮುಂದೆ ನಿಂತಿದ್ದ ಹಳೆಯ ಎಂಟರನ್ನೇ ಉತ್ತರವೆಂದು ಎತ್ತಿಕೊಂಡಿತು. ಎಂಟರ್ ಎನ್ ಅಲ್ಲವಲ್ಲ, ಆದ್ದರಿಂದ ಮುಂದಿನ ಲೆಕ್ಕ ಶುರು.

ಪರ್ಸೆಂಟ್ ಗುರುತಿನ ಹಿಂದೆ ಒಂದು ಖಾಲಿ ಜಾಗ ಬಿಡಲು ಹೇಳಿದೆ. ಆ ಜಾಗ ಕಂಡರೆ ಸ್ಕ್ಯಾನ್‌ಎಫ್ ಹಳೆಯ ಎಂಟರನ್ನು ದಾಟಿ ಹೋಗುತ್ತದೆ. ಹುಡುಗಿ ಸ್ಪೇಸ್‌ಬಾರ್ ಒತ್ತಿದಳು, ಪ್ರೋಗ್ರಾಂ ಸರಿಹೋಯಿತು. ಅವಳಿಗೆ ಅದು ಸಮಾಧಾನ ಕೊಡಲಿಲ್ಲ ಎಂಬುದೇ ನನಗೆ ಅವಳಲ್ಲಿ ಇಷ್ಟವಾದದ್ದು. “ನಮ್ಮ ಕ್ಲಾಸಲ್ಲಿ ಎಲ್ರೂ ಎಫ್‌ಫ್ಲಶ್ ಹಾಕ್ತಾರಲ್ಲಣ್ಣ, ಅದ್ಯಾಕೆ ಬೇಡ?” ಎಂದು ಕೇಳಿದಳು.

ಎಫ್‌ಫ್ಲಶ್ ಆವರಣದೊಳಗೆ ಕೀಬೋರ್ಡಿನ ದಾರಿಯ ಹೆಸರಾದ ಎಸ್‌ಟಿಡಿಇನ್. ಕರ್ನಾಟಕದ ಯಾವ ಲ್ಯಾಬ್ ರೆಕಾರ್ಡ್ ತೆರೆದರೂ ಅಂದಿನ ದಿನಗಳಲ್ಲಿ ಈ ಸಾಲು ಕಾಣುತ್ತಿತ್ತು. ಟರ್ಬೋ ಸಿ-ಯಲ್ಲಿ ಅದು ಉಳಿದದ್ದನ್ನು ಚೆಲ್ಲಿಬಿಡುತ್ತಿತ್ತು, ನಿಜ. ಆದರೆ ಸಿ ಭಾಷೆಯ ಪ್ರಮಾಣಿತ ನಿಯಮ, 1989ರಲ್ಲಿ ಮೊದಲು ಬಂದದ್ದು, ಎಫ್‌ಫ್ಲಶ್‌ಗೆ ಅರ್ಥ ಕೊಟ್ಟಿರುವುದು ಹೊರಗೆ ಬರೆಯುವ ದಾರಿಗೆ. ಒಳಗೆ ಓದುವ ದಾರಿಗೆ ಅದನ್ನು ಹಚ್ಚಿದರೆ ಏನಾಗುತ್ತದೆಂದು ನಿಯಮ ಹೇಳುವುದಿಲ್ಲ. ಕೆಲವು ವರ್ಷಗಳ ನಂತರ ಕಾಲೇಜುಗಳು ಲಿನಕ್ಸ್‌ಗೆ ಬಂದಾಗ ಇದರ ಫಲ ಕಂಡೆ. ಅದೇ ರೆಕಾರ್ಡಿನ ಅದೇ ಪ್ರೋಗ್ರಾಂ, ಅದೇ ಸಾಲು. ಕೀಬೋರ್ಡಿನಿಂದ ಓದುವಾಗ ಎಫ್‌ಫ್ಲಶ್ ಏನೂ ಮಾಡದೆ ಸುಮ್ಮನೆ ಕೂತಿತು. ಮಕ್ಕಳು ಮತ್ತೆ ತಮ್ಮ ಬೆರಳನ್ನೇ ನೋಡಿಕೊಂಡರು.

ಅವತ್ತು ಹುಡುಗಿಯ ಪ್ರೋಗ್ರಾಮಿನಲ್ಲಿ ಇನ್ನೊಂದು ವಿಚಿತ್ರ ಎದುರಾಯಿತು. ಎಲ್ಲ ವಿವರವನ್ನೂ ಅವಳು ಒಂದು ಸ್ಟ್ರಕ್ಚರಿನೊಳಗೆ ಸೇರಿಸಿದಳು. ದರ ಒತ್ತಿದ ಕೂಡಲೇ ಪ್ರೋಗ್ರಾಂ ನಿಂತುಹೋಯಿತು. ಫ್ಲೋಟಿಂಗ್ ಪಾಯಿಂಟ್ ಓದುವ ಭಾಗ ಜೋಡಣೆಯಾಗಿಲ್ಲ ಎಂಬ ಅರ್ಥದ ಇಂಗ್ಲಿಷ್ ಸಾಲೊಂದು ಪರದೆಯ ಮೇಲಿತ್ತು. ಟರ್ಬೋ ಸಿ ಕಾಲದವರಿಗೆ ಇದು ನೆನಪಿರುತ್ತದೆ. ಮೆಮೊರಿ ಕಡಿಮೆಯಿದ್ದ ಕಾಲದ ಕಂಪೈಲರ್ ಅದು. ದಶಮಾಂಶ ಸಂಖ್ಯೆಯನ್ನು ಓದುವ ಭಾಗ ದೊಡ್ಡದು, ಪ್ರೋಗ್ರಾಮಿಗೆ ಬೇಕೆಂದು ಕಂಡರೆ ಮಾತ್ರ ಅದನ್ನು ಜೋಡಿಸುತ್ತಿತ್ತು. ಸ್ಟ್ರಕ್ಚರಿನೊಳಗಿನ ಫ್ಲೋಟನ್ನು ಅದು ಕೆಲವೊಮ್ಮೆ ಗುರುತಿಸುತ್ತಿರಲಿಲ್ಲ. ಏನೂ ಕೆಲಸ ಮಾಡದ ಒಂದು ಸಣ್ಣ ಫಂಕ್ಷನ್ ಬರೆದು, ಅದರಲ್ಲಿ ಒಂದು ಫ್ಲೋಟಿನ ವಿಳಾಸ ತೆಗೆದುಕೊಂಡರೆ ಸಾಕು, ಸರಿಹೋಗುತ್ತಿತ್ತು. ಪುಸ್ತಕ ಓದಿ ಪರಿಹರಿಸಬಹುದಾದ ಸಂಗತಿಯಲ್ಲ ಇದು. ಹೇಳುವವರು ಒಬ್ಬರು ಹತ್ತಿರ ಇರಬೇಕು. ಇಲ್ಲದಿದ್ದರೆ ಎಷ್ಟು ಜಾಣ ಹುಡುಗಿಯಾದರೂ ತನ್ನ ಮೇಲಿನ ನಂಬಿಕೆ ಕಳೆದುಕೊಳ್ಳುತ್ತಾಳೆ. ಅಂಥವರನ್ನು ನಾನು ನೋಡಿದ್ದೇನೆ.

ತಾತ ಬಂದು ಕುರ್ಚಿಯಲ್ಲಿ ಕೂತದ್ದು ಆಮೇಲೆ. ತನ್ನ ಪುಸ್ತಕ ಯಂತ್ರಕ್ಕೆ ಹೇಗೆ ಹೋಗುತ್ತದೆ ನೋಡೋಣ ಎಂದು ಕುತೂಹಲ. ಹೆಸರನ್ನು ಮೊಮ್ಮಗಳು ಇಂಗ್ಲಿಷಿನಲ್ಲಿ ಒತ್ತಿದಳು. ಅಂಕಿ ತಾನೇ ಒತ್ತುತ್ತೇನೆಂದರು. ಚೀಲ ಸರಿಯಾಯಿತು, ತೂಕ ಸರಿಯಾಯಿತು. ದರದ ಹತ್ತಿರ ಒಂದೊಂದೇ ಕೀ ಹುಡುಕಿ ಐದು, ಅಲ್ಪವಿರಾಮ, ಮೂರು ಸೊನ್ನೆ, ಓರೆಗೆರೆ, ಅಡ್ಡಗೆರೆ ಒತ್ತಿದರು: 5,000/-. ಎಂಟರ್.

ಪರದೆ ಮುಂದಿನ ಲೆಕ್ಕಕ್ಕೆ ಹಾರಿತು. ಆ ಲೆಕ್ಕದ ಕ್ರಮಸಂಖ್ಯೆ ಸೊನ್ನೆ, ಹೆಸರಿನ ಜಾಗದಲ್ಲಿ ಓರೆಗೆರೆ ಅಡ್ಡಗೆರೆ. ಕ್ವಿಂಟಾಲಿನ ದರ ಐದು ರೂಪಾಯಿ.

“ಅಯ್ಯೋ ತಾತ, ಹಂಗೆಲ್ಲ ಒತ್ತಬಾರದು. ಬರೀ ಅಂಕಿ ಒತ್ತಿ,” ಎಂದಳು ಮೊಮ್ಮಗಳು.

“ಐದು ಸಾವಿರಾನ ಹಿಂಗೇ ಅಲ್ವೇನಮ್ಮ ಬರೆಯೋದು? ನಾನು ನಲವತ್ತು ವರ್ಷದಿಂದ ಹಿಂಗೇ ಬರ್ದಿರೋದು,” ಎಂದರು ಅವರು.

ನನ್ನ ಮಟ್ಟಿಗೆ ಸಿ ಪಾಠದ ಅತಿ ಮುಖ್ಯ ಘಳಿಗೆ ಅದು. ನಡೆದದ್ದನ್ನು ಹಾಳೆಯ ಮೇಲೆ ಬರೆದುಕೊಂಡೆವು. ದರ ಓದುವ ಸ್ಕ್ಯಾನ್‌ಎಫ್ ಐದನ್ನು ತೆಗೆದುಕೊಂಡು ಅಲ್ಪವಿರಾಮದ ಎದುರು ನಿಂತಿತು. ವೈ ಅಥವಾ ಎನ್ ಕೇಳಿದ ಪರ್ಸೆಂಟ್ ಸಿ ಆ ಅಲ್ಪವಿರಾಮವನ್ನು ಉತ್ತರವಾಗಿ ತೆಗೆದುಕೊಂಡಿತು. ಮುಂದಿನ ಕ್ರಮಸಂಖ್ಯೆಗೆ ಮೂರು ಸೊನ್ನೆ ಸಿಕ್ಕಿತು, ಹೆಸರಿಗೆ ಉಳಿದ ಗೆರೆಗಳು. ಯಂತ್ರ ಒಂದು ಅಕ್ಷರವನ್ನೂ ಕಳೆದುಹಾಕಿರಲಿಲ್ಲ. ಪ್ರತಿಯೊಂದನ್ನೂ ಕ್ರಮವಾಗಿ ಎಲ್ಲೋ ಒಂದು ಕಡೆ ಇಟ್ಟಿತ್ತು. ತಾತನೂ ತಪ್ಪು ಒತ್ತಿರಲಿಲ್ಲ. ಮಂಡಿಯ ಚೀಟಿಯಲ್ಲಿ, ಬ್ಯಾಂಕಿನ ಚೆಕ್ಕಿನಲ್ಲಿ, ಮದುವೆ ಮನೆಯ ಮುಯ್ಯಿ ಪುಸ್ತಕದಲ್ಲಿ ನಮ್ಮ ಜನ ಐದು ಸಾವಿರವನ್ನು ಬರೆಯುವುದು ಹಾಗೆಯೇ. ನಮ್ಮ ಜನ ಬರೆಯುವ ರೀತಿ ಪ್ರೋಗ್ರಾಮಿಗೆ ಗೊತ್ತಿರಬೇಕು. ಅರವತ್ತು ದಾಟಿದ ಮನುಷ್ಯ ಪರ್ಸೆಂಟ್ ಎಫ್‌ಗೆ ತಕ್ಕಂತೆ ಕೈ ಬದಲಿಸಿಕೊಳ್ಳಲಿ ಎನ್ನುವುದು ಸೋಮಾರಿತನ, ಅದಕ್ಕಿಂತ ಹೆಚ್ಚಾಗಿ ಅಗೌರವ.

ಇದನ್ನು ಹುಡುಗಿಗೆ ಹೇಳಿದಾಗ ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಹಂಗಾದ್ರೆ ಸ್ಕ್ಯಾನ್‌ಎಫ್‌ನೇ ತೆಗೆದುಬಿಡೋಣ್ವಾ?” ಎಂದಳು.

ಹೆಸರುಗಳೂ ಅದನ್ನೇ ಒತ್ತಾಯಿಸುತ್ತಿದ್ದವು. ನಮ್ಮಲ್ಲಿ ಹೆಸರಿನ ಹಿಂದೆ ಊರಿನ ಅಕ್ಷರ, ಅಪ್ಪನ ಅಕ್ಷರ, ನಡುವೆ ಖಾಲಿ ಜಾಗ. ಪರ್ಸೆಂಟ್ ಎಸ್ ಖಾಲಿ ಜಾಗ ಕಂಡಲ್ಲಿ ನಿಲ್ಲುತ್ತದೆ. ಹಿರೇನಲ್ಲೂರಿನವರ ಪಟ್ಟಿ ಮಾಡಿದರೆ ಹೆಸರಿನ ಕಾಲಮ್ಮಿನಲ್ಲಿ ಮೇಲಿಂದ ಕೆಳಗೆ ಬರೀ ಎಚ್. ಸಹಪಾಠಿಯೊಬ್ಬರು, ಇಡೀ ಸಾಲು ಓದುವ ಗೆಟ್ಸ್ ಹಾಕು ಎಂದಿದ್ದರಂತೆ. ಅದನ್ನು ಹಾಕಿದಾಗ, ಕ್ರಮಸಂಖ್ಯೆಯ ನಂತರ ಉಳಿದಿದ್ದ ಎಂಟರನ್ನು ಕಂಡು ಗೆಟ್ಸ್ ಖಾಲಿ ಹೆಸರನ್ನೇ ತಂದುಕೊಟ್ಟಿತು.

ಗೆಟ್ಸ್ ಬಗ್ಗೆ ಅವಳಿಗೆ ಒಂದು ನಿಜವಾದ ಘಟನೆ ಹೇಳಿದೆ. 1988ರ ನವೆಂಬರ್ 2ರಂದು ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಬಿಟ್ಟ ಪ್ರೋಗ್ರಾಂ ಅಮೆರಿಕದ ಇಂಟರ್ನೆಟ್ಟಿನ ಕಂಪ್ಯೂಟರುಗಳಲ್ಲಿ ಒಂದರಿಂದ ಒಂದಕ್ಕೆ ಹಬ್ಬಿ ಅವುಗಳನ್ನು ಹೈರಾಣು ಮಾಡಿತು. ಅದು ಹಿಡಿದ ದಾರಿಗಳಲ್ಲಿ ಒಂದು ಫಿಂಗರ್ ಸೇವೆಯ ಪ್ರೋಗ್ರಾಮಿನಲ್ಲಿದ್ದ ಗೆಟ್ಸ್. ಅಲ್ಲಿ 512 ಬೈಟ್‌ಗಳ ಜಾಗ ಇತ್ತು. ಗೆಟ್ಸ್‌ಗೆ ಜಾಗ ಎಷ್ಟಿದೆ ಎಂದು ತಿಳಿಸುವ ದಾರಿಯೇ ಇಲ್ಲ. ಜಾಗಕ್ಕಿಂತ ಉದ್ದದ ಸಾಲು ಕಳಿಸಿದಾಗ ಮಿಕ್ಕದ್ದು ಪಕ್ಕದ ಮೆಮೊರಿಯ ಮೇಲೆ ಬಿತ್ತು, ಯಂತ್ರ ಪರರ ಕೈಗೆ ಹೋಯಿತು. 2011ರ ಸಿ ಪ್ರಮಾಣಿತ ನಿಯಮದಲ್ಲಿ ಗೆಟ್ಸ್ ಅನ್ನು ಭಾಷೆಯಿಂದಲೇ ತೆಗೆದುಹಾಕಿದರು. ನಾವು ಜಗಲಿಯಲ್ಲಿ ಕೂತಿದ್ದಾಗ ಅದಿನ್ನೂ ಭಾಷೆಯಲ್ಲಿತ್ತು, ಪ್ರಶ್ನೆಪತ್ರಿಕೆಯಲ್ಲೂ ಇತ್ತು.

ಕೊನೆಗೆ ನಾವು ಹಿಡಿದದ್ದು ಒಂದೇ ಕ್ರಮ. ಏನು ಕೇಳಿದರೂ ಮೊದಲು ಎಫ್‌ಗೆಟ್ಸ್‌ನಿಂದ ಇಡೀ ಸಾಲನ್ನು ಅಕ್ಷರಗಳಾಗಿ ತೆಗೆದುಕೊಳ್ಳುವುದು. ಎಫ್‌ಗೆಟ್ಸ್‌ಗೆ ಜಾಗ ಎಷ್ಟಿದೆ ಎಂದು ಹೇಳಿಯೇ ಕರೆಯಬೇಕು, ಅದಕ್ಕಿಂತ ಹೆಚ್ಚು ಅದು ತರುವುದಿಲ್ಲ. ಸಾಲು ಪೂರ್ತಿ ಹಿಡಿಸಿದರೆ ಎಂಟರ್ ಕೂಡ ಜೊತೆಯಲ್ಲಿ ಬರುತ್ತದೆ, ಅದನ್ನು ತೆಗೆದುಹಾಕಬೇಕು. ಕೊನೆಯಲ್ಲಿ ಎಂಟರ್ ಇಲ್ಲದಿದ್ದರೆ ಸಾಲು ಜಾಗಕ್ಕಿಂತ ಉದ್ದವಿತ್ತು, ಉಳಿದದ್ದು ಇನ್ನೂ ಕಾಯುತ್ತಿದೆ ಎಂದರ್ಥ. ಎಂಟರ್ ಸಿಗುವವರೆಗೆ ಒಂದೊಂದೇ ಅಕ್ಷರ ತರುವ ಗೆಟ್‌ಚಾರ್‌ನಿಂದ ಓದಿ ಖಾಲಿ ಮಾಡಬೇಕು. ಹೀಗೆ ತಂದ ಸಾಲನ್ನು ಆಮೇಲೆ ನಿಧಾನವಾಗಿ ನೋಡಬಹುದು. ತಾತನ ದರದಿಂದ ಅಲ್ಪವಿರಾಮಗಳನ್ನು ತೆಗೆದೆವು. ಮಿಕ್ಕದ್ದನ್ನು ಎಸ್‌ಟಿಆರ್‌ಟಿಒಡಿ ಎಂಬ ಫಂಕ್ಷನ್ನಿಗೆ ಕೊಟ್ಟೆವು. ಅದು ಸಂಖ್ಯೆಯ ಜೊತೆಗೆ ತಾನು ಎಲ್ಲಿ ನಿಂತೆ ಎಂಬುದನ್ನೂ ಹೇಳುತ್ತದೆ. ನಿಂತ ಜಾಗದಲ್ಲಿ ಏನೂ ಇಲ್ಲದಿದ್ದರೆ ಸರಿ, ಓರೆಗೆರೆ ಅಡ್ಡಗೆರೆ ಇದ್ದರೂ ಸರಿ, ಬೇರೇನಾದರೂ ಇದ್ದರೆ ದರವನ್ನು ಇನ್ನೊಮ್ಮೆ ಕೇಳಬೇಕು. ಅವಳು ಅದನ್ನು ಒಂದು ಫಂಕ್ಷನ್ ಮಾಡಿ ಚೀಲ, ತೂಕ, ದರ ಮೂರಕ್ಕೂ ಬಳಸಿದಳು. ಆ ಪ್ರೋಗ್ರಾಮಿನಲ್ಲಿ ಅತ್ಯಂತ ಉದ್ದದ ಫಂಕ್ಷನ್ ಅದೇ ಆಯಿತು. ಹಾಗಾಗಬೇಕಾದ್ದೇ ಸರಿ, ಮನುಷ್ಯ ಮತ್ತು ಲೆಕ್ಕ ಎದುರಾಗುವುದು ಅಲ್ಲಿಯೇ.

ಒಟ್ಟು ಹಣದಲ್ಲೂ ಒಂದು ತೊಂದರೆ ಇತ್ತು, ಅದು ಬೇಗ ಮುಗಿಯಿತು. ಟರ್ಬೋ ಸಿ-ಯ ಇಂಟ್ 16 ಬಿಟ್‌ನದು, 32,767 ದಾಟಿದರೆ ಅದರಲ್ಲಿ ಹಿಡಿಸುವುದಿಲ್ಲ. ಮೂವತ್ತೈದು ಸಾವಿರ ಇಟ್ಟರೆ ಮೈನಸ್ 30,536 ಎಂದು ತೋರಿಸುತ್ತದೆ. ಅದನ್ನು ಇನ್ನೂ ದೊಡ್ಡ ಸಂಖ್ಯೆ ಹಿಡಿಸುವ ಲಾಂಗ್ ಮಾಡಿದೆವು.

ತಾತ ಮತ್ತೆ ಕೂತು ತಮ್ಮ ರೀತಿಯಲ್ಲೇ 5,000/- ಒತ್ತಿದರು. ಪ್ರೋಗ್ರಾಂ ತೆಗೆದುಕೊಂಡಿತು. ಅವರು ಹೆಚ್ಚೇನೂ ಹೇಳಲಿಲ್ಲ, ಮುಂದಿನ ಹಾಳೆ ತಿರುಗಿಸಿದರು. ಆ ಹುಡುಗಿ ಆಮೇಲೆ ಎಂ.ಸಿ.ಎ. ಮಾಡಿದಳು, ಈಗ ಬೆಂಗಳೂರಿನಲ್ಲಿ ಇದೇ ಕೆಲಸದಲ್ಲಿದ್ದಾಳೆ.

ನಾನು ಪಾಠ ಮಾಡುತ್ತಾ ಹೋದೆ. ಸ್ಕ್ಯಾನ್‌ಎಫ್ ಬೇಡವೇ ಬೇಡ ಎಂದು ಯಾವತ್ತೂ ಹೇಳಲಿಲ್ಲ, ಮೊದಲ ತಿಂಗಳು ಅದು ಅನುಕೂಲವೇ. ಆದರೆ ಅದು ವಾಪಸು ಕೊಡುವ ಸಂಖ್ಯೆಯನ್ನು ನೋಡಿ ಎಂದು ಹೇಳದೆ ಬಿಡಲಿಲ್ಲ. ಎಷ್ಟು ವಿವರ ಸರಿಯಾಗಿ ಸಿಕ್ಕಿತು ಎಂಬುದನ್ನು ಸ್ಕ್ಯಾನ್‌ಎಫ್ ತಾನೇ ಹೇಳುತ್ತದೆ, ನಮ್ಮ ಪ್ರೋಗ್ರಾಂಗಳು ಅದನ್ನು ಕೇಳಿಸಿಕೊಳ್ಳುವುದಿಲ್ಲ. ಒಂದು ಸೇರಿಸು, ಎರಡು ತೋರಿಸು, ಮೂರು ನಿಲ್ಲಿಸು ಎಂಬಂಥ ಮೆನು ಪ್ರೋಗ್ರಾಮಿನಲ್ಲಿ ಸಂಖ್ಯೆಯ ಬದಲು ಒಂದು ಅಕ್ಷರ ಒತ್ತಿ ನೋಡಿ. ಪರ್ಸೆಂಟ್ ಡಿ ಆ ಅಕ್ಷರವನ್ನು ಮುಟ್ಟುವುದಿಲ್ಲ, ಅದು ಅಲ್ಲೇ ಇರುತ್ತದೆ, ಮುಂದಿನ ಸುತ್ತಿನಲ್ಲೂ ಅದೇ ಸಿಗುತ್ತದೆ. ಮೆನು ನಿಲ್ಲದೆ ಪರದೆಯ ಮೇಲೆ ಓಡುತ್ತಲೇ ಇರುತ್ತದೆ. ಪರೀಕ್ಷೆಯ ದಿನ ಹೀಗಾಗಿ ಕೈ ನಡುಗಿದ ಮಕ್ಕಳ ಹತ್ತಿರ ನಾನು ನಿಂತಿದ್ದೇನೆ. ಗೆಟ್‌ಚಾರ್‌ನ ಉತ್ತರವನ್ನು ಇಂಟ್‌ನಲ್ಲಿಯೇ ಇಡಿ ಎನ್ನುವುದೂ ಇಂಥದೇ. ಇನ್ನು ಓದಲು ಏನೂ ಇಲ್ಲ ಎಂದು ತಿಳಿಸಲು ಅದು ಅಕ್ಷರಗಳಾಚೆಯ ಒಂದು ಬೆಲೆ ಕೊಡುತ್ತದೆ. ಚಾರ್ ಪೆಟ್ಟಿಗೆಯಲ್ಲಿ ಆ ಬೆಲೆಗೆ ಬೇರೆ ಜಾಗವಿಲ್ಲ.

ಈಚಿನ ವರ್ಷಗಳಲ್ಲಿ ಮಕ್ಕಳು ಹೆಸರನ್ನು ಕನ್ನಡದಲ್ಲೇ ಒತ್ತಲು ನೋಡುತ್ತಾರೆ. ನನಗೆ ಅದು ಬಹಳ ಸಂತೋಷದ ವಿಷಯ. ಒಮ್ಮೆ ಊರಿನ ಹುಡುಗನೊಬ್ಬ ಲಿನಕ್ಸ್‌ನಲ್ಲಿ ಊರಿನ ಹೆಸರು ಓದುವ ಪ್ರೋಗ್ರಾಂ ಬರೆದ. ಇಪ್ಪತ್ತು ಜಾಗದ ಚಾರ್ ಸಾಲು, ಎಫ್‌ಗೆಟ್ಸ್, ಎಲ್ಲ ನಿಯಮದಂತೆ. ಇಂಗ್ಲಿಷಿನಲ್ಲಿ ಹಿರೇನಲ್ಲೂರು ಎಂದರೆ ಹತ್ತು ಅಕ್ಷರ, ಆರಾಮಾಗಿ ಹಿಡಿಸಿತು. ಕನ್ನಡದಲ್ಲಿ ಒತ್ತಿದಾಗ “ಹಿರೇನಲ” ಎಂದು ತೋರಿಸಿ ಪಕ್ಕದಲ್ಲಿ ಒಂದು ಪ್ರಶ್ನೆಯ ಗುರುತು ಹಾಕಿತು. ಉಳಿದದ್ದು ಮುಂದಿನ ಪ್ರಶ್ನೆಗೆ ಉತ್ತರವಾಗಿ ಹೋಯಿತು.

ಇದಕ್ಕೂ ಹಾಳೆಯ ಮೇಲೆ ಲೆಕ್ಕ ಮಾಡಿದೆವು. ನಮ್ಮ ಕಣ್ಣಿಗೆ ಹಿರೇನಲ್ಲೂರು ಐದು ಅಕ್ಷರ: ಹಿ, ರೇ, ನ, ಲ್ಲೂ, ರು. 1991ರ ಮೊದಲ ಆವೃತ್ತಿಯಿಂದಲೂ ಕನ್ನಡವಿರುವ ಯುನಿಕೋಡ್‌ನಲ್ಲಿ ಅದು ಹನ್ನೊಂದು ಸಂಕೇತ. ಗುಣಿತದ ಗುರುತುಗಳು, ಒತ್ತಕ್ಷರಕ್ಕೆ ಬೇಕಾದ ಅರ್ಧಾಕ್ಷರದ ಗುರುತು ಎಲ್ಲ ಬೇರೆ ಬೇರೆ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್. ಒಟ್ಟು 33 ಬೈಟ್. ಇಪ್ಪತ್ತು ಜಾಗದಲ್ಲಿ ಕೊನೆಯ ಶೂನ್ಯಕ್ಕೆ ಒಂದು ಹೋದರೆ ಹತ್ತೊಂಬತ್ತು. ಹದಿನೆಂಟರಲ್ಲಿ ಆರು ಸಂಕೇತ ಕೂತವು, ಹತ್ತೊಂಬತ್ತನೆಯದು ಏಳನೆಯ ಸಂಕೇತದ ಮೂರನೇ ಒಂದು ಪಾಲು. ಆ ಚೂರನ್ನು ತೋರಿಸಲಾಗದೆ ಟರ್ಮಿನಲ್ ಪ್ರಶ್ನೆಯ ಗುರುತು ಹಾಕಿತ್ತು. ಹೆಸರಿನ ಜಾಗವನ್ನು ಬೈಟ್ ಲೆಕ್ಕದಲ್ಲಿ ಧಾರಾಳವಾಗಿ ಇಡಬೇಕು. ಅಕ್ಷರಗಳನ್ನು ಎಣಿಸಲು ಸ್ಟ್ರಿಂಗ್ ಉದ್ದ ಹೇಳುವ ಫಂಕ್ಷನ್ನನ್ನು ನಂಬಬಾರದು, ಅದು ಎಣಿಸುವುದು ಬೈಟ್‌ಗಳನ್ನು. ಇಷ್ಟು ತಿಳಿದರೆ ಸಿ-ಯಲ್ಲಿ ಕನ್ನಡ ಓದುವುದು ಕಷ್ಟವಲ್ಲ. ಹುಡುಗ ಇಪ್ಪತ್ತನ್ನು ಇನ್ನೂರು ಮಾಡಿದ, ಹಿರೇನಲ್ಲೂರು ಪೂರ್ತಿ ಬಂತು.

ಕನ್ನಡದ ಹೆಸರು ಅರ್ಧಕ್ಕೆ ಕತ್ತರಿಸಿದ್ದನ್ನು ಕಂಡು ಅವನು ಮೊದಲು ಹೇಳಿದ್ದು, “ಸರ್, ಕನ್ನಡ ಇದರಲ್ಲಿ ಬರಲ್ಲ ಅನ್ಸುತ್ತೆ” ಎಂದು. ಅಷ್ಟು ವರ್ಷದ ಹಿಂದೆ ಹುಡುಗಿ ತನ್ನ ಬೆರಳನ್ನು ಅನುಮಾನಿಸಿದ್ದಳು, ಇವನು ತನ್ನ ಭಾಷೆಯನ್ನು. ಎರಡೂ ಕಡೆ ಕೊರತೆ ಇದ್ದದ್ದು ಪ್ರೋಗ್ರಾಮಿನಲ್ಲಿ, ಅದನ್ನು ತಿದ್ದುವುದು ಒಂದು ಭಾನುವಾರದ ಕೆಲಸ.

ಸಿ ಕಲಿಸುವ ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇಷ್ಟು. ಎಫ್‌ಫ್ಲಶ್ ಎಸ್‌ಟಿಡಿಇನ್ ಸಾಲನ್ನು ರೆಕಾರ್ಡಿನಿಂದ ತೆಗೆಸಿ. ಎಂಟರ್ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೊದಲ ವಾರದಲ್ಲೇ, ಕನ್ನಡದಲ್ಲೇ, ಬೋರ್ಡಿನ ಮೇಲೆ ಬರೆದು ತೋರಿಸಿ. ಲ್ಯಾಬ್ ಪರೀಕ್ಷೆಯ ದಿನ ಪ್ರತಿ ಪ್ರೋಗ್ರಾಮಿಗೂ ಒಮ್ಮೆ ಬರೀ ಅಂಕಿ, ಒಮ್ಮೆ ಅಲ್ಪವಿರಾಮವಿರುವ ದರ, ಒಮ್ಮೆ ಕನ್ನಡದ ಹೆಸರು ಕೊಟ್ಟು ನೋಡಿ, ಆಮೇಲೆ ಅಂಕ ಹಾಕಿ.